ಅಮವಾಸ್ಯೆಯ ಪಂಚನಾಮೆ

ಮುರಿಗೆಪ್ಪ ಕೊನೆಯವರೆಗೂ ಹಿತೇಶನನ್ನು ಕ್ಷಮಿಸಲಿಲ್ಲ. ತೀರಿಕೊಂಡವರ ಬಗ್ಗೆ ಬರೆಯುವಾಗ ಇಂಥ ಮಾತನ್ನು ಮುಚ್ಚಿಡುವ ರೂಢಿಯಿದೆ. ಕೊನೆಗಾಲಕ್ಕೆ ಮನಸ್ಸು ತಿಳಿಯಾಗಿತ್ತು, ಯಾರ ಮೇಲೂ ಸಿಟ್ಟಿರಲಿಲ್ಲ ಎಂದು ಬರೆದು ಮುಗಿಸುತ್ತಾರೆ. ಮುರಿಗೆಪ್ಪನ ಬಗ್ಗೆ ಹಾಗೆ ಬರೆದರೆ ಅದು ಬೇರೆ ಯಾರದೋ ಕತೆಯಾದೀತು. ಅವನಿಗೆ ಸಿಟ್ಟಿತ್ತು. ಮೂರು ವರ್ಷಕ್ಕೂ ಮೇಲೆ ಆ ಸಿಟ್ಟನ್ನು ಅವನು ಗಿರಣಿಯ ಕಲ್ಲಿನಷ್ಟೇ ಜತನದಿಂದ ನೋಡಿಕೊಂಡ.

ಗಿರಣಿ ಇದ್ದದ್ದು ಆಂಟಾಪ್ ಹಿಲ್‌ನಲ್ಲಿ. ರಸ್ತೆಗುಂಟ ಇಪ್ಪತ್ತೆರಡು ಅಡಿ, ಒಳಗೆ ಹದಿನಾಲ್ಕು ಅಡಿ, ಚಾವಣಿಗೆ ಸಿಮೆಂಟಿನ ಪತ್ರಾ. ಸುತ್ತಲಿನ ನೆಲವೆಲ್ಲ ಸರ್ಕಾರದ್ದು, ಕಾಲೋನಿಗಳದ್ದು. ಈ ಒಂದು ತುಂಡು ಮಾತ್ರ ಖಾಸಗಿ. ಅಪ್ಪ ಸಾಯಬಣ್ಣ ಇಂಡಿ ತಾಲೂಕಿನಿಂದ ಬಂದು, ಬಂದರಿನಲ್ಲಿ ಮೂಟೆ ಹೊತ್ತು, 1971ರಲ್ಲಿ ಹಳೆಯ ಉಪ್ಪಿನ ವ್ಯಾಪಾರಿಯೊಬ್ಬನಿಂದ ಇದನ್ನು ಖರೀದಿಸಿ ರಿಜಿಸ್ಟರ್ ಮಾಡಿಸಿದ್ದ. ಆ ಕಾಗದವನ್ನು ಮುರಿಗೆಪ್ಪ ಲ್ಯಾಮಿನೇಟ್ ಮಾಡಿಸಿ ದೇವರ ಜಗಲಿಯ ಹಿಂದೆ ಇಟ್ಟುಕೊಂಡಿದ್ದ. ಯಾರಾದರೂ "ಜಾಗ ಬಾಡಿಗೀದೇನ್ರಿ?" ಎಂದು ಕೇಳಿದರೆ ಅವನ ಮೀಸೆ ಸ್ವಲ್ಪ ಮೇಲಕ್ಕೇಳುತ್ತಿತ್ತು.

ಅಲ್ಲಿ ಎರಡು ಕಲ್ಲುಗಳಿದ್ದವು. ಒಂದು ಬಿಳಿಜೋಳಕ್ಕೇ ಮೀಸಲು, ಇನ್ನೊಂದು ಗೋಧಿ, ಸಜ್ಜೆ, ಮಿಕ್ಕಿದ್ದಕ್ಕೆಲ್ಲ. ಬೇರೆ ಗಿರಣಿಗಳಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಾರೆ. ಆ ಹಿಟ್ಟು ಬಡಿದರೆ ರೊಟ್ಟಿ ಕೈಗೆ ಬರುವುದಿಲ್ಲ. ಅದಕ್ಕೇ ವಡಾಳಾ, ಧಾರಾವಿಯಿಂದಲೂ ವಿಜಯಪುರ, ಬೆಳಗಾವಿ ಕಡೆಯ ಹೆಂಗಸರು ಬಸ್ಸು ಹತ್ತಿ ಡಬ್ಬಿ ಹೊತ್ತು ಬರುತ್ತಿದ್ದರು. ಅಲ್ಲಿ ಚೀಟಿ ಇರಲಿಲ್ಲ, ನಂಬರ್ ಇರಲಿಲ್ಲ. ಮುರಿಗೆಪ್ಪನ ಹೆಂಡತಿ ಕಾಶವ್ವ ಡಬ್ಬಿಯ ನೆಗ್ಗು ನೋಡಿಯೇ ಇದು ಯಾರದು ಎಂದು ಹೇಳುತ್ತಿದ್ದಳು.

ರಸ್ತೆಯ ಆಚೆ ಬದಿಗೆ, ಸರಿಯಾಗಿ ಎದುರಿಗೆ, ಹಿತೇಶನ ಟೈಲ್ಸ್ ಅಂಗಡಿ. ಮೇಲಿನ ಮಹಡಿಯಲ್ಲಿ ಮನೆ. ಹಿತೇಶ ಚಿಕ್ಕವನಿದ್ದಾಗಿನಿಂದ ಅವನ ತಾಯಿ ಚಂಪಾಬೆನ್ ಸಜ್ಜೆಯನ್ನು ಇಲ್ಲಿಯೇ ಬೀಸಿಸುತ್ತಿದ್ದರು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತು ನಿಂತು, ಹೆಂಗಸರ ಬಾಯಿಂದ ಹಿತೇಶ ಕನ್ನಡ ಕಲಿತ. ಹರಕು ಕನ್ನಡ, ಅರ್ಧ ಹಿಂದಿ, ಆದರೂ ಕನ್ನಡ. ಮುರಿಗೆಪ್ಪನನ್ನು ಕಾಕಾ ಎನ್ನುತ್ತಿದ್ದ. ಅವನ ಮದುವೆಯಲ್ಲಿ ಮುರಿಗೆಪ್ಪ ಹಳದಿ ರುಮಾಲು ಸುತ್ತಿಕೊಂಡು ಮೆರವಣಿಗೆಯ ಮುಂದೆ ನಡೆದಿದ್ದ.

ಆದ್ದರಿಂದ ಗಿರಣಿಯ ಅಮವಾಸ್ಯೆಯ ಪದ್ಧತಿ ಹಿತೇಶನಿಗೆ ಚೆನ್ನಾಗಿ ಗೊತ್ತಿತ್ತು. ಅಮವಾಸ್ಯೆಯ ದಿನ ಮುರಿಗೆಪ್ಪ ಕಲ್ಲು ತಿರುಗಿಸುತ್ತಿರಲಿಲ್ಲ. ಬೆಳಿಗ್ಗೆ ಬಂದು ಮೋಟಾರಿನ ಬೆಲ್ಟ್ ಬಿಚ್ಚುತ್ತಿದ್ದ, ಮೇಲಿನ ಕಲ್ಲುಗಳನ್ನು ನೆಲಕ್ಕಿಳಿಸುತ್ತಿದ್ದ, ತೊಳೆದು ವಿಭೂತಿ ಹಚ್ಚಿ ಕಾಯಿ ಒಡೆದು ಊಟಕ್ಕೆ ಮನೆಗೆ ಹೋಗುತ್ತಿದ್ದ. ಕಲ್ಲಿಗೆ ಗಾಳಿಯಾಡಲಿ ಎಂದು ಶಟರ್ ಅರ್ಧ ತೆರೆದೇ ಇರುತ್ತಿತ್ತು. ಸಂಜೆ ಬಂದು ಸವೆದ ಕಲ್ಲಿಗೆ ಉಳಿಯಿಂದ ಹೊಸದಾಗಿ ಹಲ್ಲು ಹೊಡೆದು, ಮತ್ತೆ ಜೋಡಿಸುತ್ತಿದ್ದ. ಅವನ ಅಪ್ಪನೂ ಹಾಗೆಯೇ ಮಾಡುತ್ತಿದ್ದ.

2021ರ ಶ್ರಾವಣದ ಅಮವಾಸ್ಯೆ ಸೋಮವಾರ ಬಂತು. ಮುರಿಗೆಪ್ಪ ಮನೆಯಲ್ಲಿ ಕಡಬು ಉಣ್ಣುತ್ತಿದ್ದಾಗ ವಾರ್ಡ್ ಕಚೇರಿಯಿಂದ ಮೂವರು ಬಂದು ಗಿರಣಿಯ ಅಳತೆ ತೆಗೆದು, ಫೋಟೋ ಹೊಡೆದು, ಹೋದರು. ಗೋಡೆಯ ಮೇಲೆ ಕೆಂಪು ಬಣ್ಣದ ಒಂದು ಗೀಟು ಉಳಿದಿತ್ತು. ಸಂಜೆ ಬಂದು ನೋಡಿದ ಮುರಿಗೆಪ್ಪ, ಯಾರೋ ಹುಡುಗರು ಕ್ರಿಕೆಟ್ಟಿಗೆ ಗೀಚಿರಬೇಕು ಎಂದುಕೊಂಡು ಕಲ್ಲಿಗೆ ಉಳಿ ಹಿಡಿದು ಕುಳಿತ.

ನಾಲ್ಕು ತಿಂಗಳ ಮೇಲೆ ನೋಟಿಸು ಬಂತು. ಮರಾಠಿಯಲ್ಲಿತ್ತು. ಮುರಿಗೆಪ್ಪ ಅದನ್ನು ಹಿಡಿದುಕೊಂಡು ಚನ್ನಬಸಯ್ಯನ ಖೋಲಿಗೆ ಬಂದ. ಚನ್ನಬಸಯ್ಯ ಕನ್ನಡ ಶಾಲೆಯಿಂದ ನಿವೃತ್ತನಾದ ಮಾಸ್ತರ. ಮೂವತ್ತು ವರ್ಷದ ಗೆಳೆಯ, ಆ ಓಣಿಯ ಅರ್ಜಿಗಳನ್ನೆಲ್ಲ ಬರೆದುಕೊಡುವವನು.

"ಓದ್ರಿ ಮಾಸ್ತರ್ರ. ಜೋರಾಗಿ ಓದ್ರಿ."

ರಸ್ತೆ ಅಗಲ ಮಾಡಲು ಹನ್ನೆರಡು ಅಡಿ ಬೇಕು. ಆ ಹನ್ನೆರಡೂ ಅಡಿ ಗಿರಣಿಯ ಬದಿಯಿಂದಲೇ. ಉಳಿಯುವ ಎರಡಡಿಯಲ್ಲಿ ಏನೂ ನಿಲ್ಲದ ಕಾರಣ ಇಡೀ ಜಾಗವನ್ನೇ ಸಾರ್ವಜನಿಕ ಉದ್ದೇಶಕ್ಕಾಗಿ ವಶಪಡಿಸಿಕೊಳ್ಳಲಾಗುವುದು. ಜಾಗದಲ್ಲಿರುವುದು ಬಹುಕಾಲದಿಂದ ಬಂದ್ ಬಿದ್ದಿರುವ, ಯಂತ್ರ ಕಳಚಿಹೋದ ಶೆಡ್. ಆದ್ದರಿಂದ ಪರಿಹಾರ ನೆಲಕ್ಕೆ ಮಾತ್ರ, ಬದಲಿ ಅಂಗಡಿ ಸಿಗದು. ಆಧಾರ: ಸ್ಥಳದ ಪಂಚನಾಮೆ.

"ಬಂದ್ ಬಿದ್ದೈತಿ?" ಎಂದ ಮುರಿಗೆಪ್ಪ. ಅಂಗಿಯ ತೋಳಿನ ಮೇಲೆ ಅವತ್ತಿನ ಹಿಟ್ಟು ಇನ್ನೂ ಇತ್ತು. "ಯಾವ ಕುರುಡ ಬರದಾನ್ರಿ ಇದನ್ನ?"

ಪಂಚನಾಮೆಯ ನಕಲನ್ನು ಮಾಹಿತಿ ಹಕ್ಕಿನಲ್ಲಿ ತರಿಸಿದರು. ಕೆಳಗೆ ಇಬ್ಬರು ಪಂಚರ ಸಹಿ ಇತ್ತು. ಒಂದು ಕಚೇರಿಯ ಪೇದೆಯದು. ಇನ್ನೊಂದು ಹಿತೇಶನದು.

ಮುರಿಗೆಪ್ಪ ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ರಸ್ತೆ ದಾಟಿದ. ಹಿತೇಶ ಗಿರಾಕಿಗೆ ಬಾತ್‌ರೂಮಿನ ಟೈಲ್ಸ್ ತೋರಿಸುತ್ತಿದ್ದ.

"ಕಾಕಾ, ಬೈಠೋ. ಚಾ ಕುಡೀತೀರಾ?"

"ಈ ಸಹಿ ನಿಂದೇನು?"

ಹಿತೇಶ ಹಾಳೆಯನ್ನು ನೋಡಲಿಲ್ಲ. ಗಿರಾಕಿಯ ಕಡೆ ನೋಡಿ ನಕ್ಕ. "ಅರೆ ಕಾಕಾ, ನಾನು ಏನು ಮಾಡ್ಲಿ? ಸಾಹೇಬ ಬೋಲಾ, ಪಂಚ್ ಬೇಕು, ಸಹಿ ಮಾಡು. ಮಾಡ್ದೆ. ಅವತ್ತು ಬಂದ್ ಇತ್ತಲ್ಲ? ಝೂಟ್ ಏನಿದೆ ಅದರಲ್ಲಿ?"

"ಅವತ್ತು ಅಮಾಸಿ ಇತ್ತಲೋ."

"ಅದು ನಂಗೇನು ಗೊತ್ತು?"

ಆ ಒಂದು ಮಾತು. ಸಹಿ ಮಾಡಿದ್ದಕ್ಕಿಂತ ಅದು ಮುರಿಗೆಪ್ಪನಿಗೆ ಆಳಕ್ಕಿಳಿಯಿತು. ಎಷ್ಟೋ ಅಮವಾಸ್ಯೆಗಳಲ್ಲಿ ಇದೇ ಹುಡುಗ ಡಬ್ಬಿ ಹಿಡಿದು ಬಂದು, "ಇವತ್ತು ಕಲ್ಲಿಗೆ ರಜಾ" ಎಂದು ಕಾಶವ್ವನಿಂದ ತೆಂಗಿನ ಚೂರು ಇಸಿದುಕೊಂಡು ತಿನ್ನುತ್ತ ಹಿಂತಿರುಗಿದ್ದ.

ಹಳೆಯ ನಕ್ಷೆಯೂ ಸಿಕ್ಕಿತು. ಅದರಲ್ಲಿ ರಸ್ತೆಯ ನಡುವಿನಿಂದ ಎರಡೂ ಬದಿಗೆ ಆರಾರು ಅಡಿ ತೆಗೆದುಕೊಳ್ಳುವ ಗೆರೆ ಇತ್ತು. ಆ ಗೆರೆಯಂತೆ ಹೋದರೆ ಹಿತೇಶನ ಅಂಗಡಿಯ ಗಾಜಿನ ಮುಂಭಾಗವೂ ಮೇಲಿನ ಬಾಲ್ಕನಿಯೂ ಹೋಗಬೇಕು. ಹೊಸ ನಕ್ಷೆಯಲ್ಲಿ ಗೆರೆ ಪೂರ್ತಿಯಾಗಿ ಗಿರಣಿಯ ಕಡೆಗೆ ಸರಿದಿತ್ತು. ಯಾಕೆ ಸರಿಯಿತು ಎಂದು ಬರೆದ ಕಾಗದ ಯಾವ ಕಡತದಲ್ಲೂ ಇರಲಿಲ್ಲ.

ಅಂದಿನಿಂದ ಮುರಿಗೆಪ್ಪನ ಆಸೆ ಬದಲಾಯಿತು. ಮೊದಲು ಅವನಿಗೆ ಗಿರಣಿ ಉಳಿಯಬೇಕಿತ್ತು. ಈಗ ಎದುರಿನ ಗಾಜು ಒಡೆಯಬೇಕಿತ್ತು.

ವಕೀಲರಾಗಿ ಮಾಧುರಿ ಕುಲಕರ್ಣಿ ಸಿಕ್ಕರು. ಬೆಳಗಾವಿಯವರು, ಫೋರ್ಟಿನಲ್ಲಿ ಕಚೇರಿ. ಕೇಸಿನ ಕಾಗದಗಳನ್ನೆಲ್ಲ ನೋಡಿ ಅವರು ಹೇಳಿದರು: "ಮೊದಲು ಗಿರಣಿ ಚಾಲೂ ಇತ್ತು ಅಂತ ತೋರಿಸೋಣ. ಲೈಟ್ ಬಿಲ್ ಅವ, ಲೈಸೆನ್ಸ್ ಅದ. ಆದರ ಪಂಚನಾಮೆ ಜೋಡಿ ಫೋಟೋ ಅದ ನೋಡ್ರಿ, ಅದು ನಮಗ ತ್ರಾಸ ಕೊಡತದ."

ಫೋಟೋದಲ್ಲಿ ಬೆಲ್ಟ್ ಬಿಚ್ಚಿದ ಮೋಟಾರು, ನೆಲಕ್ಕೆ ಬಿದ್ದಂತೆ ಕಾಣುವ ಕಲ್ಲುಗಳು, ಅರ್ಧ ಶಟರಿನ ಕತ್ತಲೆ. ನೋಡಿದವರು ಯಾರೇ ಆದರೂ ಹಾಳು ಬಿದ್ದಿದೆ ಎನ್ನಬೇಕು. ಮನೆಗೆ ತಂದ ಆ ಫೋಟೋವನ್ನು ಕಾಶವ್ವ ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಏನ್ರೀ, ಈ ಮೂಲ್ಯಾಗ ಇರೋ ಡಬ್ಬಿ ನೋಡಿದ್ರಿ?"

"ಡಬ್ಬಿ ನೋಡಿ ಏನ್ ಮಾಡ್ಲಿ?"

"ಎಣ್ಣಿ ಡಬ್ಬಿ. ಒಂದ್ ಹಿಡಿಕಿ ಹೋಗೈತಿ, ತಂತಿ ಕಟ್ಟ್ಯಾರ. ಇದು ಚಂಪಾಬೆನ್ ಅವರದು. ಆದಿತ್ಯವಾರ ಸಂಜಿಗೆ ಕಳಿಸಿದ್ದರು, ಮಂಗಳವಾರ ಬೀಸಿ ಕೊಟ್ಟೀವಿ. ಬಾಯಿ ತೆರದೈತಿ ನೋಡ್ರಿ, ತುಂಬ ಸಜ್ಜಿ."

ಮುರಿಗೆಪ್ಪ ಆ ಫೋಟೋವನ್ನು ಕಸಿದುಕೊಂಡು ನೋಡಿದ. ಡಬ್ಬಿಯ ಹೊಟ್ಟೆಯ ಮೇಲೆ ಗುಜರಾತಿಯಲ್ಲಿ ಹಸಿರು ಬಣ್ಣದಿಂದ ಚಂಪಾಬೆನ್ ಎಂದು ಬರೆದಿತ್ತು. ಹಿತೇಶ ಶಾಲೆಗೆ ಹೋಗುತ್ತಿದ್ದಾಗ ತಾನೇ ಬರೆದ ಹೆಸರು. ಆ ದಿನ ಮುರಿಗೆಪ್ಪ ನಾಲ್ಕು ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡ.

ವಿಚಾರಣೆಯ ದಿನ ವಾರ್ಡ್ ಕಚೇರಿಯ ಮೆಟ್ಟಿಲ ಮೇಲೆ ಹದಿನೇಳು ಹೆಂಗಸರು ತಂತಮ್ಮ ಹಿಟ್ಟಿನ ಡಬ್ಬಿಗಳೊಂದಿಗೆ ಕುಳಿತಿದ್ದರು. ಎಲ್ಲರಿಗಿಂತ ಮುಂದೆ ಧಾರಾವಿಯ ಸುಂದ್ರವ್ವ. ಕಾವಲುಗಾರ ಎಬ್ಬಿಸಲು ಬಂದಾಗ, "ಏ ತಮ್ಮಾ, ಗಿರಣಿ ಬಂದ್ ಐತಂತ, ನಿಮ್ಮ ಸಾಹೇಬರೇ ಬೀಸಿಕೊಡತಾರಂತ, ಪಾಳಿ ಹಚ್ಚೀವಿ" ಎಂದಳು. ಹೆಂಗಸರೆಲ್ಲ ನಕ್ಕದ್ದು ಒಳಗಿದ್ದ ಸಾಹೇಬರಿಗೂ ಕೇಳಿಸಿತು.

ಸಾಹೇಬರು ಮರಾಠಿಯಲ್ಲಿ ಕೇಳಿದರು, ಹಿತೇಶ ಹಿಂದಿಯಲ್ಲಿ ಉತ್ತರ ಕೊಟ್ಟ. ಹೌದು, ಗಿರಣಿ ವರ್ಷಗಳಿಂದ ಬಂದ್ ಇದೆ. ಹೌದು, ತಾನು ಎದುರಿಗೇ ಇರುವವನು, ದಿನಾ ನೋಡುವವನು. ಮಾಧುರಿಯವರು ಫೋಟೋವನ್ನು ದೊಡ್ಡದಾಗಿ ಮುದ್ರಿಸಿ ತಂದಿದ್ದರು. ಅದನ್ನು ಮೇಜಿನ ಮೇಲಿಟ್ಟು, ಡಬ್ಬಿಯ ಮೇಲಿನ ಹೆಸರು ಓದಲು ಹಿತೇಶನಿಗೇ ಹೇಳಿದರು. ಹಿತೇಶ ಓದಲಿಲ್ಲ. ಕಚೇರಿಯ ಗುಜರಾತಿ ಗುಮಾಸ್ತನೊಬ್ಬ ಬಗ್ಗಿ ಓದಿದ: ಚಂಪಾಬೆನ್.

"ಬಂದ್ ಬಿದ್ದ ಗಿರಣಿಗೆ ನಿಮ್ಮವ್ವ ಸಜ್ಜಿ ಯಾಕ ಕಳಿಸಿದ್ದರೋ?" ಎಂದ ಮುರಿಗೆಪ್ಪ, ಕನ್ನಡದಲ್ಲಿ. ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ. ಹಿತೇಶನ ಕಿವಿ ಕೆಂಪಾದದ್ದನ್ನು ಮುರಿಗೆಪ್ಪ ಆಮೇಲೆ ಎಷ್ಟು ಸಲ ವರ್ಣಿಸಿದ್ದಾನೆ ಎಂದರೆ, ಕೇಳಿದವರಿಗೆ ಆ ಕಿವಿ ಕಣ್ಣಿಗೆ ಕಟ್ಟಿಹೋಗಿದೆ.

ಪಂಚನಾಮೆ ಬಿದ್ದುಹೋಯಿತು. ಒಂದು ತಿಂಗಳೊಳಗೆ ಹೊಸ ಪತ್ರ ಬಂತು: ಗಿರಣಿ ನಡೆಯುತ್ತಿತ್ತು ಎಂದು ಒಪ್ಪಲಾಗಿದೆ, ಜಾಗದ ಪರಿಹಾರದ ಜೊತೆಗೆ, ಅದೇ ರಸ್ತೆಯ ತುದಿಯ ಹೊಸ ಮಾರ್ಕೆಟ್ಟಿನಲ್ಲಿ ಅಷ್ಟೇ ದೊಡ್ಡ ಅಂಗಡಿ ಕೊಡಲಾಗುವುದು. ಕಾಶವ್ವ ದೇವರಿಗೆ ಸಕ್ಕರೆ ಇಟ್ಟಳು. ಪವಾಯಿಯಲ್ಲಿ ಕೆಲಸ ಮಾಡುವ ಮಗಳು ಸೌಮ್ಯಾ ರಜೆ ಹಾಕಿ ಬಂದು ಆ ಅಂಗಡಿಯನ್ನು ನೋಡಿಬಂದಳು.

"ಅಪ್ಪಾ, ಜಾಗಾ ಮಸ್ತ್ ಇದೆ. ನೀರು, ಲೈಟು, ಎಲ್ಲಾ ಇದೆ. ಎರಡೂ ಮಶೀನ್ ಫಿಟ್ ಆಗ್ತದೆ. ಸೈನ್ ಮಾಡಿ ಬಿಡಿ ನಾ."

"ಮತ್ತ ಅವನ ಗಾಜು?"

"ಯಾರ ಗಾಜು?"

ಮುರಿಗೆಪ್ಪ ಎದ್ದು ಹೋದ. ಮರುದಿನ ಮಾಧುರಿಯವರ ಕಚೇರಿಯಲ್ಲಿ ಕುಳಿತು, ಹೈಕೋರ್ಟಿಗೆ ಹೋಗೋಣ ಎಂದ. ರಸ್ತೆಯ ಗೆರೆ ನಡುವಿಗೆ ಬರಬೇಕು.

ಮಾಧುರಿಯವರು ಕನ್ನಡಕ ತೆಗೆದಿಟ್ಟರು. "ಮುರಿಗೆಪ್ಪನವರ, ಸರಿಯಾಗಿ ಕೇಳ್ರಿ. ಗೆರಿ ನಡುವ ಬಂದ್ರ ನಿಮ್ಮದು ಆರು ಅಡಿ ಹೋಗತದ, ಎಂಟಡಿ ಉಳೀತದ. ಜಾಗ ಉಳೀತು ಅಂದ್ರ ಬದಲಿ ಅಂಗಡಿ ಕೊಡೂದಿಲ್ಲ. ಎಂಟಡಿಯೊಳಗ ನಿಮ್ಮ ಮಶೀನು ಕೂಡತದೇನು?"

"ಮೋಟಾರು, ಬೆಲ್ಟು, ಕಲ್ಲು ಸೇರಿ ಹತ್ತಡಿ ಬೇಕ್ರಿ. ರಸ್ತೆಗುಂಟ ಅಡ್ಡ ಇಟ್ಟರ ಬಾಗಲಾನ ಮುಚ್ಚತೈತಿ."

"ಅಂದ್ರ ಗೆದ್ದರ ಗಿರಣಿ ಹೋಗತದ. ಸೋತರ ಹೊಸ ಅಂಗಡಿ ಸಿಗತದ. ಇಂಥಾ ಕೇಸ್ ನಾ ಎಂದೂ ಹಾಕಿಲ್ಲ."

"ಹಾಕ್ರಿ," ಎಂದ ಮುರಿಗೆಪ್ಪ.

ಮನೆಯಲ್ಲಿ ಅದು ದೊಡ್ಡ ಜಗಳವಾಯಿತು. ಮಗಳು ಅಳುತ್ತ ಪವಾಯಿಗೆ ಹೋದಳು, ಎರಡು ತಿಂಗಳು ಫೋನ್ ಮಾಡಲಿಲ್ಲ. ಕಾಶವ್ವ ಮಾತು ಬಿಟ್ಟಳು. ತಾಟು ಮುಂದಿಟ್ಟು ಒಳಗೆ ಹೋಗುತ್ತಿದ್ದಳು. ಕೊನೆಗೆ ಒಂದು ದಿನ ಚನ್ನಬಸಯ್ಯನ ಎದುರೇ ಕೇಳಿದಳು: "ಮಾಸ್ತರ್ರ, ನೀವರ ಹೇಳ್ರಿ. ಇವರಿಗೆ ಗಿರಣಿ ದೊಡ್ಡದೋ, ಹಗಿತಾನ ದೊಡ್ಡದೋ?"

ಮಾಸ್ತರನೂ ಹೇಳಿ ನೋಡಿದ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಹೇಳಿದ. ಮುರಿಗೆಪ್ಪ ತಾಳ್ಮೆಯಿಂದ ಕೇಳಿಸಿಕೊಂಡು, "ಮಾಸ್ತರ್ರ, ಸರ್ಕಾರ ನನ್ನ ಜಾಗ ಕೇಳಿತು. ಊರಿಗೆ ರಸ್ತಾ ಬೇಕು, ಕೇಳಲಿ. ಸಮಾ ಅಳದು ಕೇಳಿದ್ದರ ನನ್ನ ಕೈಲೇ ಒಡದು ಕೊಡತಿದ್ದೆ. ಇವ ತನ್ನ ಪಾಲೂ ನನ್ನ ಹೆಗಲಿಗೆ ಹಾಕಿದ. ಅದೂ ನಾ ಕಲ್ಲಿಗೆ ಕೈಮುಗಿದು ಮನೀಗೆ ಹೋಗೋ ದಿನಾ ನೋಡಿ. ಅವನ ಪಾಲು ಅವ ಕೊಡಬೇಕು. ನನ್ನ ಕಣ್ಣ ಮುಂದ ಕೊಡಬೇಕು. ಆಮ್ಯಾಲೆ ನಾ ಏನರ ಆಗಲಿ," ಎಂದ.

ಕೇಸು ಎರಡು ವರ್ಷಕ್ಕೂ ಮೇಲೆ ನಡೆಯಿತು. ಪ್ರತಿ ತಾರೀಖಿಗೂ ಮುರಿಗೆಪ್ಪ ಗಿರಣಿ ಬಂದ್ ಮಾಡಿ, ಇಸ್ತ್ರಿಯ ಧೋತರ ಉಟ್ಟು, ಲೋಕಲ್ ಹಿಡಿದು ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ. ಇಂಗ್ಲಿಷಿನ ಒಂದು ಮಾತೂ ಅವನಿಗೆ ತಿಳಿಯುತ್ತಿರಲಿಲ್ಲ. ಅವನು ಹಿತೇಶನನ್ನು ನೋಡಲು ಹೋಗುತ್ತಿದ್ದ. ಹಿತೇಶ ಸೊರಗುತ್ತಿದ್ದಾನೆ ಎಂದು ಬಂದು ವರದಿ ಮಾಡುತ್ತಿದ್ದ. ಸೊರಗುತ್ತಿದ್ದವನು ತಾನು, ಎದೆನೋವಿಗೆ ಸಾಯನ್ ಆಸ್ಪತ್ರೆಯಲ್ಲಿ ಗುಳಿಗೆ ಶುರುವಾಗಿತ್ತು. ಅದನ್ನು ಮಾತ್ರ ಯಾರಿಗೂ ವರದಿ ಮಾಡಲಿಲ್ಲ.

ತೀರ್ಪು ಬಂತು. ಗೆರೆಯನ್ನು ಸರಿಸಿದ್ದಕ್ಕೆ ಕಾರಣವಿಲ್ಲ; ಹಳೆಯ ನಕ್ಷೆಯಂತೆ ರಸ್ತೆಯ ನಡುವಿನಿಂದ ಎರಡೂ ಬದಿಗೆ ಸಮವಾಗಿ ಅಳೆಯತಕ್ಕದ್ದು. ಮಾಧುರಿಯವರು ಫೋನಿನಲ್ಲಿ ಹೇಳಿದಾಗ ಮುರಿಗೆಪ್ಪ ಮೂರು ಸಲ ಕೇಳಿದ: "ಅವನದೂ ಆರು ಅಡಿ?" ಮೂರು ಸಲವೂ ಅವರು ಹೌದು ಎಂದರು.

ಹಿತೇಶ ಅಷ್ಟಕ್ಕೇ ಬಿಡಲಿಲ್ಲ. ಗಿರಣಿಯವರು ಮೊದಲು ಖಾಲಿ ಮಾಡಲಿ, ಆಮೇಲೆ ತಾನು ಎಂದು ಕಚೇರಿಗೆ ಬರೆದುಕೊಟ್ಟ. ಮುರಿಗೆಪ್ಪ ಸ್ಟೇ ತರುತ್ತಾನೆ, ತನ್ನ ಅನ್ನವನ್ನು ತಾನೇ ಯಾರು ಒಡೆದುಕೊಳ್ಳುತ್ತಾರೆ, ಎಂದು ಅವನ ಲೆಕ್ಕ. ಆ ಲೆಕ್ಕದಲ್ಲಿ ಅವನು ತನ್ನ ಕಾಕಾನನ್ನು ತಪ್ಪಾಗಿ ತೂಗಿದ್ದ.

2025ರ ಜನವರಿಯಲ್ಲಿ ಮುರಿಗೆಪ್ಪ ಕೊನೆಯ ಡಬ್ಬಿ ಬೀಸಿ ಕೊಟ್ಟು, ಕಲ್ಲುಗಳನ್ನು ಇಳಿಸಿದ. ಅಂದು ಅಮವಾಸ್ಯೆಯೂ ಅಲ್ಲ, ಹುಣ್ಣಿಮೆಯೂ ಅಲ್ಲ. ಜೋಳದ ಕಲ್ಲನ್ನು ಧಾರಾವಿಯ ಒಬ್ಬ ಗಿರಣಿಯವ ಒಯ್ದ. ಗೋಧಿಗೆ ಬಳಸುವುದಿಲ್ಲ ಎಂದು ಮುರಿಗೆಪ್ಪ ಅವನಿಂದ ಮಾತು ತೆಗೆದುಕೊಂಡ. ಆಮೇಲೆ ಸುತ್ತಿಗೆ ಹಿಡಿದು ತನ್ನ ಗೋಡೆಯ ಮುಂದೆ ನಿಂತ. ಮೂರು ದಿನ, ಬೆಳಗಿನಿಂದ ಮಧ್ಯಾಹ್ನದವರೆಗೆ, ಆರು ಅಡಿಯನ್ನು ತಾನೇ ಒಡೆದ. ಚನ್ನಬಸಯ್ಯ ಸುತ್ತಿಗೆ ಕಸಿಯಲು ಹೋದರೆ, "ಸರೀರಿ ಮಾಸ್ತರ್ರ, ಇಟ್ಟಂಗಿ ಕಾಲ ಮ್ಯಾಲೆ ಬಿದ್ದೀತು" ಎಂದು ನಕ್ಕ. ಮೂರನೆಯ ದಿನ ಕಾಶವ್ವ ಬಂದು, ಸೆರಗು ಸಿಕ್ಕಿಸಿ, ಒಡೆದ ಇಟ್ಟಂಗಿಗಳನ್ನು ಬುಟ್ಟಿಗೆ ತುಂಬತೊಡಗಿದಳು. ಸಂಜೆಯ ಹೊತ್ತಿಗೆ ಅವನು ಚನ್ನಬಸಯ್ಯನಿಂದ ಪತ್ರ ಬರೆಸಿದ: ನನ್ನ ಪಾಲಿನ ಆರು ಅಡಿ ಖಾಲಿಯಾಗಿದೆ, ಎದುರಿನವರದನ್ನು ಪಡೆಯಬೇಕಾಗಿ ವಿನಂತಿ.

ಜೆಸಿಬಿ ಬಂದದ್ದು ಬುಧವಾರ ಹನ್ನೊಂದು ಗಂಟೆಗೆ. ಮುರಿಗೆಪ್ಪ ಉಳಿದ ಎಂಟಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಂಟಕ್ಕೇ ಕುಳಿತಿದ್ದ. ಮೊದಲು ಬೋರ್ಡು ಇಳಿಯಿತು. ಆಮೇಲೆ ಗಾಜು. ಆಮೇಲೆ ಬಾಲ್ಕನಿಯ ಕಟಾಂಜನ, ಅದರ ಮೇಲೆ ಒಣಗಲು ಹಾಕಿದ್ದ ಒಂದು ಟವೆಲ್ ಸಮೇತ. ಪ್ರತಿ ಹೊಡೆತಕ್ಕೂ ಮುರಿಗೆಪ್ಪ ತಲೆಯಾಡಿಸುತ್ತಿದ್ದ, ತೂಕ ಸರಿಯಾಗಿದೆ ಎಂದು ಗಿರಾಕಿಗೆ ಹೇಳುವಾಗ ಆಡಿಸುತ್ತಿದ್ದನಲ್ಲ, ಹಾಗೆ.

ಮಧ್ಯಾಹ್ನ ಹಿತೇಶ ರಸ್ತೆ ದಾಟಿ ಬಂದ. ಕೂದಲ ತುಂಬ ಸುಣ್ಣದ ಪುಡಿ.

"ಖುಷ್ ಆಯ್ತಾ ಕಾಕಾ? ನಿಮ್ದೂ ಹೋಯ್ತು, ನಂದೂ ಹೋಯ್ತು. ಏನು ಸಿಕ್ತು ನಿಮ್ಗೆ?"

"ಇದು ಸಿಕ್ತು," ಎಂದು ಮುರಿಗೆಪ್ಪ ಎದುರಿಗೆ ಕೈ ತೋರಿಸಿದ. "ಸರದು ನಿಂದ್ರು. ಅಡ್ಡ ಬರಬ್ಯಾಡ, ಕಾಣವಲ್ದು."

ಹಿತೇಶ ನಿಜವಾಗಿಯೂ ಪಕ್ಕಕ್ಕೆ ಸರಿದ. ಮುರಿಗೆಪ್ಪ ನೋಡುತ್ತಲೇ ಇದ್ದ.

ಆ ದಿನ ಅವನಿಗೆ ಸಂತೋಷವಾಗಲಿಲ್ಲ, ಬರೀ ಖಾಲಿಖಾಲಿ ಅನ್ನಿಸಿತು ಎಂದು ಹೇಳಿದರೆ ಕೇಳುವವರಿಗೆ ಹಿತವಾಗಬಹುದು. ಸುಳ್ಳಾಗುತ್ತದೆ. ಅವನಿಗೆ ಸಂತೋಷವಾಗಿತ್ತು. ಕೊನೆಯ ಡಂಪರ್ ಹೋಗುವವರೆಗೆ ಕುಳಿತು, ಮನೆಗೆ ಬಂದು ನಾಲ್ಕು ರೊಟ್ಟಿ ಉಂಡ. ರೊಟ್ಟಿ ಬಡಿದದ್ದು ಪೊಟ್ಟಣದ ಹಿಟ್ಟಿನಿಂದ, ಅಂಚೆಲ್ಲ ಬಿರಿದಿತ್ತು.

ಆಮೇಲೆ ದಿನಾ ಬೆಳಿಗ್ಗೆ ಅವನು ಆ ಎಂಟಡಿಯಲ್ಲಿ ಹೋಗಿ ಕೂಡುತ್ತಿದ್ದ. ಬೀಸುವುದು ಏನೂ ಇರಲಿಲ್ಲ. ಏಪ್ರಿಲ್ಲಿನ ಒಂದು ಬೆಳಿಗ್ಗೆ ಚಹಾ ಒಯ್ದ ಚನ್ನಬಸಯ್ಯನಿಗೆ ಅವನು ಕುರ್ಚಿಯಲ್ಲಿ ತಲೆ ವಾಲಿಸಿ ಕುಳಿತದ್ದು ಕಂಡಿತು. ಕರೆದರೆ ಓಗೊಡಲಿಲ್ಲ. ಅರವತ್ತೆಂಟು ವರ್ಷ.

ಲಿಂಗಾಯತರ ಸ್ಮಶಾನದಲ್ಲಿ ಅವನನ್ನು ಗುಣಿಯಲ್ಲಿ ಕೂಡಿಸಿ, ವಿಭೂತಿ, ಪತ್ರಿ ಹಾಕಿದರು. ಹದಿನೇಳು ಡಬ್ಬಿಯ ಹೆಂಗಸರೂ ಬಂದಿದ್ದರು. ಸೌಮ್ಯಾ ಅಪ್ಪನ ತಲೆಗೆ ರುಮಾಲು ಸುತ್ತಿದಳು. ಎರಡು ಸಲ ಬಿಚ್ಚಿತು, ಮೂರನೆಯ ಸಲ ನಿಂತಿತು. ಆಮೇಲೆ ಒಬ್ಬೊಬ್ಬರೇ ಬಂದು ಮುಷ್ಟಿ ಮಣ್ಣು ಹಾಕತೊಡಗಿದರು.

ಸಾಲಿನ ಕೊನೆಯಲ್ಲಿ ಹಿತೇಶ ನಿಂತಿದ್ದ. ಚಪ್ಪಲಿ ಬಿಟ್ಟು, ತಲೆಗೆ ಕರವಸ್ತ್ರ ಕಟ್ಟಿಕೊಂಡು, ಕಣ್ಣು ಕೆಂಪಾಗಿಸಿಕೊಂಡು. ಅಳು ನಿಜವಾದದ್ದೇ. ಪಾಳಿ ಬಂದಾಗ ಬಗ್ಗಿ ಒಂದು ಮುಷ್ಟಿ ಮಣ್ಣು ತೆಗೆದುಕೊಂಡ.

ಕಾಶವ್ವ ಕುಳಿತಲ್ಲಿಂದ ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು. ಗಟ್ಟಿಯಾಗಿ ಹಿಡಿಯಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ನೀ ಬ್ಯಾಡಪ್ಪ," ಎಂದಳು.

ಹಿತೇಶ ಸುತ್ತ ನೋಡಿದ. ಮಣ್ಣನ್ನು ಗುಡ್ಡೆಗೇ ಹಿಂದಕ್ಕೆ ಸುರಿದು, ಕೈ ಒರೆಸಿಕೊಳ್ಳದೆ, ಅವನು ಗೇಟಿನ ಕಡೆಗೆ ನಡೆದ. ಕಾಶವ್ವ ಚನ್ನಬಸಯ್ಯನಿಗೆ ಸನ್ನೆ ಮಾಡಿದಳು. ಅವನು ಸನಿಕೆ ಎತ್ತಿಕೊಂಡ.